ದೇಹದ ಮೇಲಿನ ಒಡಂಬಡಿಕೆ: ಯೆಹೂದ್ಯ ಮತ್ತು ಕ್ರೈಸ್ತ ಪರಂಪರೆಗಳಲ್ಲಿ ಸುನ್ನತಿ

ಜನವರಿ 1ರಂದು ನಮ್ಮ ದೇವಾಲಯಗಳಲ್ಲಿ ಓದಲಾಗುವ ಶುಭಸಂದೇಶದ ಭಾಗವು (ಲೂಕ 2:16-21) ಕುರುಬರ ಭೇಟಿಯಿಂದ ಆರಂಭವಾಗಿ, ಶಿಶುವಿನ ಸುನ್ನತಿಯನ್ನೂ ನಾಮಕರಣವನ್ನೂ ಒಂದೇ ವಾಕ್ಯದಲ್ಲಿ ತಿಳಿಸಿ ಮುಗಿಯುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿ ಆ ವಾಕ್ಯ ಕಿವಿಗೆ ಬಿದ್ದಾಗ ಭಕ್ತಾದಿಗಳ ಮನಸ್ಸಿನಲ್ಲಿ ಮೂಡುವ ಚಿತ್ರ ಬೆತ್ಲೆಹೇಮಿನದಲ್ಲ, ನೆರೆಯ ಮುಸಲ್ಮಾನರ ಮನೆಯದು. ಹೊಸ ಬಟ್ಟೆ ತೊಟ್ಟು ಹೂವಿನ ಹಾರ ಹಾಕಿಸಿಕೊಂಡ ಹುಡುಗ, ಬಂಧುಬಳಗ, ಊಟ. ಹಾಗಾದರೆ ಯೇಸುಸ್ವಾಮಿ ಮುಸಲ್ಮಾನರಾಗಿದ್ದರೇ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ದೊಡ್ಡವರು ಕೇಳುವುದಿಲ್ಲ; ಆದರೆ ಅವರಿಗೂ ಉತ್ತರ ತಿಳಿದಿರುವುದಿಲ್ಲ. ಪ್ರಬೋಧಕರು ಸಾಮಾನ್ಯವಾಗಿ ಈ ವಾಕ್ಯವನ್ನು ದಾಟಿ ಹೊಸ ವರ್ಷದ ಶುಭಾಶಯಕ್ಕೋ ದೇವಮಾತೆಯ ಮಹಿಮೆಗೋ ಹೋಗಿಬಿಡುತ್ತಾರೆ. ಈ ಹಬ್ಬದ ಹೆಸರೇ ಹಿಂದೆ ಪ್ರಭುವಿನ ಸುನ್ನತಿಯ ಹಬ್ಬ ಎಂದಿತ್ತು ಎಂಬುದನ್ನು, 1969ರ ಪಂಚಾಂಗ ಸುಧಾರಣೆಯ ಬಳಿಕ ಹುಟ್ಟಿದ ನಮ್ಮ ಗುರು ಅಭ್ಯರ್ಥಿಗಳಲ್ಲಿ ಅನೇಕರು ಕೇಳಿಯೇ ಇಲ್ಲ.

ಮಕ್ಕಳ ಆ ಪ್ರಶ್ನೆಯನ್ನು ನಗೆಯಲ್ಲಿ ಮುಗಿಸಬಾರದು. ಅದರ ಹಿಂದೆ ನಮ್ಮ ಭಾಷೆಯ ಒಂದು ಇತಿಹಾಸವಿದೆ.

ಪದದ ಕಥೆ

ಕನ್ನಡ ಬೈಬಲ್ಲು ಬಳಸುವ ‘ಸುನ್ನತಿ’ ಎಂಬ ಪದ ಹೀಬ್ರೂವಿನಿಂದಲೋ ಗ್ರೀಕ್‌ನಿಂದಲೋ ಬಂದದ್ದಲ್ಲ. ಅದು ಅರಬ್ಬೀ ಮೂಲದ್ದು; ‘ಸುನ್ನತ್’ ಎಂದರೆ ನಡೆದು ಬಂದ ದಾರಿ, ಪ್ರವಾದಿಯವರ ಆಚರಣೆಯ ಮಾದರಿ. ಅದಕ್ಕೆ ಕೊಯ್ಯುವುದೆಂಬ ಅರ್ಥ ಮೂಲದಲ್ಲಿಲ್ಲ. ಇಸ್ಲಾಮಿನಲ್ಲಿ ಈ ವಿಧಿಯ ಶಾಸ್ತ್ರೀಯ ಹೆಸರು ‘ಖಿತಾನ್’. ನಮ್ಮ ಕಡೆಯ ಉರ್ದು ಮಾತಿನಲ್ಲಿ ‘ಖತ್ನಾ’. ಕುರಾನಿನಲ್ಲಿ ಇದರ ವಿಧಾಯಕ ವಾಕ್ಯವಿಲ್ಲ. ಹದೀಸ್‌ಗಳ ಆಧಾರದಿಂದ, ಅಬ್ರಹಾಮನ ಆಚರಣೆಯೆಂಬ ನೆಲೆಯಲ್ಲಿ ಅದು ಬಂದಿದೆ. ಕರಾವಳಿಯ ಬ್ಯಾರಿ ಸಮುದಾಯ ಅನುಸರಿಸುವ ಶಾಫಿ ಪಂಥ ಇದನ್ನು ಕಡ್ಡಾಯವೆನ್ನುತ್ತದೆ. ಬಯಲುಸೀಮೆಯಲ್ಲಿ ಹೆಚ್ಚಾಗಿರುವ ಹನಫಿ ಪಂಥ ಇದನ್ನು ‘ಸುನ್ನತ್’, ಅಂದರೆ ದೃಢವಾದ ಸಂಪ್ರದಾಯ, ಎಂದು ಪರಿಗಣಿಸುತ್ತದೆ. ಹೀಗೆ ಒಂದು ನ್ಯಾಯಪಂಥದ ವರ್ಗೀಕರಣದ ಪದವೇ ಜನಬಳಕೆಯಲ್ಲಿ ವಿಧಿಯ ಹೆಸರಾಗಿ, ಬಳಿಕ ಕನ್ನಡ ಬೈಬಲ್ಲಿನಲ್ಲಿ ಅಬ್ರಹಾಮನ ಒಡಂಬಡಿಕೆಯ ಗುರುತಿನ ಹೆಸರಾಯಿತು.

ಅನುವಾದಕರನ್ನು ದೂರುವಂತಿಲ್ಲ. ಕನ್ನಡನಾಡಿನ ಓದುಗರು ಯೆಹೂದ್ಯರನ್ನು ಕಂಡವರಲ್ಲ. ಈ ವಿಧಿಯನ್ನು ಕಂಡದ್ದು ಮುಸಲ್ಮಾನ ನೆರೆಯವರಲ್ಲಿ ಮಾತ್ರ. ತೆಲುಗು ಬೈಬಲ್ಲೂ ‘ಸುನ್ನತಿ’ ಎನ್ನುತ್ತದೆ, ಮರಾಠಿಯದು ‘ಸುಂತಾ’, ಹಿಂದಿಯದು ‘ಖತ್ನಾ’. ತಮಿಳು ಮತ್ತು ಮಲಯಾಳಂ ಬೈಬಲ್ಲುಗಳು ಮಾತ್ರ ಸಂಸ್ಕೃತದ ನೆರವಿನಿಂದ ‘ವಿರುತ್ತಸೇದನಂ’, ‘ಪರಿಚ್ಛೇದನ’ ಎಂಬ ಪದಗಳನ್ನು ಬಳಸಿದವು. ಸುತ್ತಲೂ ಕೊಯ್ಯುವುದೆಂಬ ಗ್ರೀಕ್ ಮತ್ತು ಲತೀನ್ ಪದಗಳ ಅರ್ಥಕ್ಕೆ ಅವು ಹತ್ತಿರ. ಆದರೆ ಗ್ರೀಕ್ ಪದವೂ ಶಸ್ತ್ರಕ್ರಿಯೆಯನ್ನಷ್ಟೇ ಹೇಳುತ್ತದೆ. ಯೆಹೂದ್ಯರು ಇಂದಿಗೂ ಬಳಸುವ ಹೀಬ್ರೂ ಹೆಸರು ‘ಬ್ರಿತ್ ಮಿಲಾ’, ಕೊಯ್ತದ ಒಡಂಬಡಿಕೆ. ಅದರಲ್ಲಿ ಮುಖ್ಯಪದ ‘ಬ್ರಿತ್’. ಆಡುಮಾತಿನಲ್ಲಿ ಎಷ್ಟೋ ಬಾರಿ ‘ಮಿಲಾ’ ಬಿಟ್ಟುಹೋಗಿ ‘ಬ್ರಿತ್’ ಮಾತ್ರ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಆದದ್ದು ಇದಕ್ಕೆ ವಿರುದ್ಧ: ಕೊಯ್ತ ಉಳಿಯಿತು, ಒಡಂಬಡಿಕೆ ಮರೆಯಾಯಿತು.

ಈ ವಿಷಯದಲ್ಲಿ ಹಳ್ಳಿಯ ಕನ್ನಡ ಪಂಡಿತರ ಕನ್ನಡಕ್ಕಿಂತ ಚುರುಕು. ನಮ್ಮ ಬಯಲುಸೀಮೆಯ ಆಡುಮಾತಿನಲ್ಲಿ ಮುಸಲ್ಮಾನ ಹುಡುಗನಿಗೆ ‘ಮುಂಜಿ’ ಮಾಡಿಸಿದರು ಎನ್ನುತ್ತಾರೆ. ಮುಂಜಿ ಎಂದರೆ ಬ್ರಾಹ್ಮಣ ವಟುವಿನ ಉಪನಯನವೇ. ಮುಂಜಹುಲ್ಲಿನ ಉಡಿದಾರದಿಂದ ಬಂದ ಹೆಸರು. ಜನಿವಾರಕ್ಕೂ ಈ ಕೊಯ್ತಕ್ಕೂ ಹೊರನೋಟಕ್ಕೆ ಸಂಬಂಧವಿಲ್ಲ. ಆದರೆ ಒಬ್ಬ ಹುಡುಗನನ್ನು ಅವನ ಹಿರಿಯರ ಧರ್ಮದೊಳಕ್ಕೆ ಬರಮಾಡಿಕೊಳ್ಳುವ ವಿಧಿ ಎಂಬ ಒಳಅರ್ಥವನ್ನು ಜನ ಕಂಡುಕೊಂಡು ಒಂದೇ ಹೆಸರಿಟ್ಟರು. ಧರ್ಮೋಪದೇಶದಲ್ಲಿ ನಾನು ಈ ಪದದಿಂದಲೇ ಆರಂಭಿಸುವುದು ಮೇಲೆಂದು ಭಾವಿಸುತ್ತೇನೆ.

ಅಬ್ರಹಾಮನ ಗುರುತು

ಆದಿಕಾಂಡದ 17ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅಬ್ರಹಾಮನಿಗೆ 99 ವರ್ಷ, ಇಷ್ಮಾಯೇಲನಿಗೆ 13. ದೇವರು ಮೊದಲು ಒಡಂಬಡಿಕೆಯನ್ನು ಘೋಷಿಸುತ್ತಾರೆ, ಹೆಸರನ್ನು ಬದಲಿಸುತ್ತಾರೆ, ಸಂತಾನವನ್ನೂ ನಾಡನ್ನೂ ವಾಗ್ದಾನ ಮಾಡುತ್ತಾರೆ. ಆ ಮೇಲೆ ಗುರುತಿನ ಮಾತು ಬರುತ್ತದೆ. ಕಾಮನಬಿಲ್ಲು ನೋಹನ ಒಡಂಬಡಿಕೆಗೆ ಹೇಗೋ ಇದು ಅಬ್ರಹಾಮನದಕ್ಕೆ ಹಾಗೆ. ಒಂದು ಆಕಾಶದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ. ಇನ್ನೊಂದು ಬಟ್ಟೆಯ ಮರೆಯಲ್ಲಿ, ಸಂತಾನ ಹುಟ್ಟುವ ಅಂಗದಲ್ಲೇ. ವಾಗ್ದಾನ ಸಂತಾನದ್ದಾದುದರಿಂದ ಗುರುತೂ ಅಲ್ಲಿಯೇ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಮಾಡುವುದಿಲ್ಲ’, ‘ಕೊಯ್ಯುತ್ತಾರೆ’. 15ನೆಯ ಅಧ್ಯಾಯದಲ್ಲಿ ಪಶುಗಳನ್ನು ಸೀಳಿಟ್ಟ ನಡುವೆ ಬೆಂಕಿಯ ಪಂಜು ಹಾದುಹೋದದ್ದನ್ನು ನೆನೆದರೆ ಈ ನುಡಿಗಟ್ಟು ತಿಳಿಯುತ್ತದೆ.

ಅದೇ ಅಧ್ಯಾಯದ ಕೊನೆಯಲ್ಲಿ, ಅದೇ ದಿನ, ಇಷ್ಮಾಯೇಲನಿಗೂ ಸುನ್ನತಿಯಾಗುತ್ತದೆ. ಇಸಾಕನು ಇನ್ನೂ ಹುಟ್ಟಿಯೇ ಇಲ್ಲ. ಒಡಂಬಡಿಕೆ ಇಸಾಕನ ಮೂಲಕ ಮುಂದುವರಿಯುವುದೆಂದು ದೇವರು ಸ್ಪಷ್ಟವಾಗಿ ಹೇಳಿದ್ದಾರೆ. ಇಷ್ಮಾಯೇಲನಿಗೂ ಆಶೀರ್ವಾದವಿದೆಯೆಂದು ಅಷ್ಟೇ ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ನೆರೆಯವರ ಹುಡುಗನ ಮುಂಜಿಯನ್ನು ನೋಡುವ ಕ್ರೈಸ್ತನು ಈ ವಚನಗಳನ್ನು ತಿಳಿದಿರಬೇಕು. 1965ರ ‘ನೊಸ್ತ್ರಾ ಎತಾತೆ’ ಘೋಷಣೆ ಮುಸಲ್ಮಾನರ ವಿಶ್ವಾಸವನ್ನು ಕುರಿತು ಹೇಳುವಾಗ ಅಬ್ರಹಾಮನ ಹೆಸರನ್ನು ತಂದದ್ದು ಸೌಜನ್ಯಕ್ಕಾಗಿ ಮಾತ್ರವಲ್ಲ.

ಯೆಹೂದ್ಯರ ವಿಧಿ ಎಂಟನೆಯ ದಿನದ್ದು. ಆ ದಿನ ಸಬ್ಬತ್ ಆದರೂ ನಡೆಯುತ್ತದೆ. ಯೊವಾನ್ನನ ಶುಭಸಂದೇಶದಲ್ಲಿ (7:22-23) ಯೇಸುಸ್ವಾಮಿ ಇದನ್ನೇ ಆಧಾರವಾಗಿಟ್ಟು ವಾದಿಸುತ್ತಾರೆ. ಶಿಶುವನ್ನು ಮಡಿಲಲ್ಲಿ ಹಿಡಿಯುವವನಿಗೆ ‘ಸಂದಾಕ್’ ಎಂದೂ ವಿಧಿ ನೆರವೇರಿಸುವವನಿಗೆ ‘ಮೊಹೆಲ್’ ಎಂದೂ ಹೆಸರು, ಪ್ರವಾದಿ ಎಲೀಯನಿಗೆಂದು ಒಂದು ಕುರ್ಚಿಯನ್ನು ಖಾಲಿ ಇಡುತ್ತಾರೆ, ತಂದೆ ದೇವಸ್ತುತಿ ಹೇಳುತ್ತಾನೆ, ಮಗುವಿಗೆ ಹೆಸರಿಡುತ್ತಾರೆ. ನಮಗೆ ಹತ್ತಿರದ ಉದಾಹರಣೆ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಸಮುದಾಯ. ಗಾಣದ ಕಸುಬಿನ ಅವರನ್ನು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ, ನೆರೆಯವರು ‘ಶನಿವಾರ ತೇಲಿ’ಗಳೆಂದು ಕರೆದರು. ಇತರ ಯೆಹೂದ್ಯರ ಸಂಪರ್ಕವಿಲ್ಲದೆ ಶತಮಾನಗಳು ಕಳೆದರೂ ಅವರಲ್ಲಿ ಉಳಿದದ್ದು ಸಬ್ಬತ್ತು, ಕೆಲವು ಆಹಾರ ನಿಯಮಗಳು, ‘ಶೆಮಾ’ ಪ್ರಾರ್ಥನೆ ಮತ್ತು ಎಂಟನೆಯ ದಿನದ ಸುನ್ನತಿ.

ಇಲ್ಲಿ ನಮ್ಮ ಪ್ರಬೋಧನೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ತಪ್ಪನ್ನು ತಿದ್ದಬೇಕಾಗಿದೆ. ಯೆಹೂದ್ಯರು ಸುನ್ನತಿಯಿಂದಲೇ ಯೆಹೂದ್ಯರಾಗುತ್ತಾರೆ, ಹೊರಗಿನ ಗುರುತನ್ನೇ ನೆಚ್ಚಿಕೊಂಡಿದ್ದಾರೆ ಎನ್ನುತ್ತೇವೆ. ತಾಲ್ಮುದಿನ ನಿಯಮ ಬೇರೆ. ಶಿಶು ಅಸ್ವಸ್ಥವಾಗಿದ್ದರೆ ವಿಧಿಯನ್ನು ಮುಂದೂಡಬೇಕು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ಸತ್ತಿದ್ದರೆ ಮೂರನೆಯ ಮಗುವಿಗೆ ಅದನ್ನು ಮಾಡಬಾರದು. ಆ ಮಗು ಜೀವನವಿಡೀ ಸುನ್ನತಿಯಿಲ್ಲದೆ ಇದ್ದರೂ ಪೂರ್ಣ ಯೆಹೂದ್ಯನೇ. ಜೀವರಕ್ಷಣೆ ವಿಧಿಗಿಂತ ದೊಡ್ಡದು. ಗುರುತನ್ನು ದೇವರ ಸ್ಥಾನದಲ್ಲಿಟ್ಟ ಧರ್ಮವೊಂದು ಇಂಥ ನಿಯಮವನ್ನು ಮಾಡಿಕೊಳ್ಳುವುದಿಲ್ಲ. ಹೃದಯದ ಸುನ್ನತಿಯೆಂಬ ಮಾತನ್ನೂ ಸಂತ ಪೌಲರು ಮೊದಲಾಗಿ ಹೇಳಿದ್ದಲ್ಲ. ಧರ್ಮೋಪದೇಶಕಾಂಡ ಅದನ್ನು ಎರಡು ಬಾರಿ ಹೇಳುತ್ತದೆ (10:16, 30:6), ಯೆರೆಮೀಯನು ಕಠಿಣ ದನಿಯಲ್ಲಿ ಹೇಳುತ್ತಾನೆ (4:4, 9:25-26). ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದ ಪ್ರಕಾರ ಮರುಭೂಮಿಯಲ್ಲಿ ಹುಟ್ಟಿದ ಇಡೀ ಪೀಳಿಗೆಗೆ ಸುನ್ನತಿಯಾಗಿರಲಿಲ್ಲ. ಆದರೂ ಮನ್ನ ಬೀಳುತ್ತಲೇ ಇತ್ತು.

ಸಂತ ಪೌಲರ ವಾದ

ಸಂತ ಪೌಲರೇ ಎಂಟನೆಯ ದಿನ ಸುನ್ನತಿಯಾದವರು (ಫಿಲಿಪ್ಪಿ 3:5). ಅವರು ತಿಮೊಥೇಯನಿಗೆ ಸುನ್ನತಿ ಮಾಡಿಸಿದರು (ಪ್ರೇಷಿತರ ಕಾರ್ಯ 16:3). ತೀತನಿಗೆ ಮಾಡಿಸಲು ಒಪ್ಪಲಿಲ್ಲ (ಗಲಾತ್ಯ 2:3). ಇದನ್ನು ವಿರೋಧಾಭಾಸವೆಂದು ತೋರಿಸುವವರುಂಟು. ತಿಮೊಥೇಯನ ತಾಯಿ ಯೆಹೂದ್ಯಳು. ಅವನಿಗೆ ಅದು ಮನೆಯ ಸಂಪ್ರದಾಯ. ತೀತನು ಗ್ರೀಕನು, ಅವನಿಂದ ಅದನ್ನು ಕೇಳಿದವರು ಉದ್ಧಾರದ ಷರತ್ತಾಗಿ ಕೇಳಿದರು. ವಿಧಿ ಒಂದೇ, ಪ್ರಶ್ನೆ ಬೇರೆ. ಜೆರುಸಲೇಮಿನ ಸಭೆ (ಪ್ರೇಷಿತರ ಕಾರ್ಯ 15) ತೀರ್ಮಾನಿಸಿದ್ದೂ ಈ ಎರಡನೆಯ ಪ್ರಶ್ನೆಯನ್ನು ಮಾತ್ರ.

ರೋಮನರಿಗೆ ಬರೆದ ಪತ್ರದಲ್ಲಿ (4:9-12) ವಾದ ಅಂಕಗಣಿತದಷ್ಟು ಸರಳ. ಅಬ್ರಹಾಮನ ವಿಶ್ವಾಸವನ್ನು ದೇವರು ನೀತಿಯೆಂದು ಎಣಿಸಿದ್ದು 15ನೆಯ ಅಧ್ಯಾಯದಲ್ಲಿ, ಸುನ್ನತಿಯಾದದ್ದು 17ರಲ್ಲಿ. ಇಷ್ಮಾಯೇಲನು ಹುಟ್ಟುವುದಕ್ಕೂ ಮುಂಚಿನ ಘಟನೆ ಒಂದು, ಅವನಿಗೆ 13 ತುಂಬಿದಾಗಿನದು ಇನ್ನೊಂದು. ಈ ನಡುವಿನ ವರ್ಷಗಳಲ್ಲಿ ಅಬ್ರಹಾಮನು ಸುನ್ನತಿಯಿಲ್ಲದ ನೀತಿವಂತ. ಆದಕಾರಣ ಸುನ್ನತಿ ಮುದ್ರೆಯೇ ಹೊರತು ಪತ್ರವಲ್ಲ. ಮುದ್ರೆಯನ್ನು ಹೀಯಾಳಿಸಬೇಕಾಗಿಲ್ಲ, ಪತ್ರವಿಲ್ಲದೆ ಮುದ್ರೆಗೆ ಅರ್ಥವಿಲ್ಲವೆಂದರೆ ಸಾಕು. ಗಲಾತ್ಯರಿಗೆ ಬರೆದಾಗ ಪೌಲರ ದನಿ ಏರಿದೆ, ಒಂದೆಡೆ ಒರಟೂ ಆಗಿದೆ (5:12). ಆ ಕೋಪ ಅನ್ಯಧರ್ಮದವರ ಮೇಲಲ್ಲ. ಕ್ರೈಸ್ತ ಸಭೆಯೊಳಗೆ ಇದ್ದು ಕ್ರಿಸ್ತರ ಕೃಪೆಗೆ ಷರತ್ತು ಹಾಕಿದ ಬೋಧಕರ ಮೇಲೆ. ಗಲಾತ್ಯ ಪತ್ರವನ್ನು ಯೆಹೂದ್ಯರ ವಿರುದ್ಧವೋ ನೆರೆಯ ಮುಸಲ್ಮಾನರ ವಿರುದ್ಧವೋ ತಿರುಗಿಸುವ ಪ್ರಬೋಧಕನು ವಿಳಾಸ ತಪ್ಪಿದ ಕಾಗದವನ್ನು ಹಂಚುತ್ತಿದ್ದಾನೆ.

ಕೊಲೊಸ್ಸೆಯರಿಗೆ ಬರೆದ ಪತ್ರ (2:11-13) ಜ್ಞಾನಸ್ನಾನವನ್ನು ಕೈಯಿಂದ ಮಾಡದ ಸುನ್ನತಿಯೆನ್ನುತ್ತದೆ. ಅಲ್ಲಿ ತೆಗೆದುಹಾಕಲ್ಪಡುವುದು ಒಂದು ತುಣುಕು ಚರ್ಮವಲ್ಲ, ಹಳೆಯ ಮನುಷ್ಯನೇ. ಸಂತ ಜಸ್ಟಿನ್ ಎರಡನೆಯ ಶತಮಾನದಲ್ಲಿ ತ್ರಿಫೋನೊಡನೆ ನಡೆಸಿದ ಸಂವಾದದಲ್ಲಿ ಇನ್ನೊಂದು ಮಾತನ್ನು ಸೇರಿಸಿದರು: ಸ್ತ್ರೀಯರಿಗೆ ಈ ಗುರುತು ಅಸಾಧ್ಯ, ಆದರೆ ಅವರೂ ನೀತಿವಂತರಾಗಬಲ್ಲರು, ಆದಕಾರಣ ಗುರುತೇ ನೀತಿಯಲ್ಲ. ನಮ್ಮ ಸೀಮೆಯವರಿಗೆ ಇದು ಬೇಗ ತಿಳಿಯುತ್ತದೆ. ಜನಿವಾರ ಹುಡುಗನಿಗೆ ಮಾತ್ರ ಎಂಬುದನ್ನೂ, ಲಿಂಗದೀಕ್ಷೆ ಹೆಣ್ಣುಮಕ್ಕಳಿಗೂ ಉಂಟೆಂಬುದನ್ನೂ ಅವರು ಬಲ್ಲರು. ಜ್ಞಾನಸ್ನಾನದ ನೀರು ಗಂಡುಹೆಣ್ಣೆಂಬ ಭೇದ ಮಾಡುವುದಿಲ್ಲ ಎಂಬ ಗಲಾತ್ಯ 3:28ರ ಹೊಸತನ ಅವರಿಗೆ ವಿವರಣೆಯಿಲ್ಲದೆ ಅರಿವಾಗುತ್ತದೆ.

ಹಾಗೆಂದು ಹಳೆಯ ವಿಧಿ ಬರಿದಾಗಿತ್ತೆಂದು ಧರ್ಮಸಭೆ ಹೇಳಿಲ್ಲ. ಸಂತ ತೋಮಾಸ್ ಅಕ್ವಿನಾಸರು ದೈವಶಾಸ್ತ್ರ ಸಂಗ್ರಹದ ಮೂರನೆಯ ಭಾಗದ 70ನೆಯ ಪ್ರಶ್ನೆಯಲ್ಲಿ, ಬರಲಿದ್ದ ಕ್ರಿಸ್ತರ ಪಾಡುಮರಣದ ಮೇಲಿನ ವಿಶ್ವಾಸದ ಗುರುತಾಗಿದ್ದ ಸುನ್ನತಿಯಲ್ಲಿ ಕೃಪೆ ದೊರೆಯುತ್ತಿತ್ತು ಎನ್ನುತ್ತಾರೆ.

ಶ್ರೀರಂಗಪಟ್ಟಣದ ಸೆರೆ

ಈ ಬೋಧನೆ ನಮ್ಮ ನೆಲದಲ್ಲಿ ಒಮ್ಮೆ ರಕ್ತಮಾಂಸದ ಪರೀಕ್ಷೆಗೆ ಒಳಗಾಯಿತು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರವನ್ನು ನಮ್ಮವರೆಲ್ಲ ಬಲ್ಲರು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ‘ಅಮೃತಮಹಲ್’ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನಿಂದ. ಅದೇ ದೊರೆಯ ಇನ್ನೊಂದು ನೆನಪು ಕರಾವಳಿಯಿಂದ ಘಟ್ಟ ಹತ್ತಿ ಬಂದು ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರದಲ್ಲಿ ನೆಲೆಸಿದ ಕೊಂಕಣಿ ಕಥೋಲಿಕ ಮನೆತನಗಳಲ್ಲಿದೆ. 1784ರ ವಿಭೂತಿ ಬುಧವಾರದ ಹೊತ್ತಿಗೆ ಕೆನರಾದ ಕ್ರೈಸ್ತರ ಬಂಧನ ಆರಂಭವಾಯಿತು. ಬ್ರಿಟಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಅನೇಕ ಯುವಕರಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿ ಸೈನ್ಯದ ತುಕಡಿಗಳಿಗೆ ಸೇರಿಸಲಾಯಿತು. ಸೆರೆಸಿಕ್ಕ ಇಂಗ್ಲಿಷ್ ಹುಡುಗರಿಗೂ ಇದೇ ಗತಿಯಾಯಿತು. ಅವರಲ್ಲಿ ಜೇಮ್ಸ್ ಸ್ಕರ್ರಿ ತನ್ನ ಅನುಭವವನ್ನು ಬರೆದಿಟ್ಟಿದ್ದಾನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಬದುಕುಳಿದವರನ್ನು ಬರಮಾಡಿಕೊಳ್ಳಲು ಬಂದ ಗುರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿ’. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಸೆರೆಯಾದವರನ್ನು 60,000 ಎಂದು ಲೆಕ್ಕ ಹಾಕುತ್ತಾರೆ. ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, 20,000ದಷ್ಟು ಮಂದಿ ಮಂಗಳೂರು ಸೀಮೆಗೆ ಮರಳಿ ದೇವಾಲಯಗಳನ್ನು ಕಟ್ಟಿಕೊಂಡರೆಂದೂ ಹೇಳುತ್ತಾರೆ. ಹೊರಗೆ ಮಾತ್ರ ಬದಲಾಗಿದ್ದೆವು, ಒಳಗೆ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂಬುದು ಬಂದವರ ನಿವೇದನೆ. ಇಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗಲು ಒಬ್ಬನೂ ಮುಂದಾಗಲಿಲ್ಲವೆಂದು ದ್ಯುಬುವಾ ಕಟುವಾಗಿ ಬರೆದಿದ್ದಾರೆ. ಆ ತೀರ್ಪನ್ನು ನಾನು ಒಪ್ಪಲಾರೆ. ಹದಿನೈದು ವರ್ಷಗಳ ಸೆರೆಯ ಬಳಿಕ, ಯಾರೂ ಕರೆಯದಿದ್ದರೂ ಗುರುವನ್ನು ಹುಡುಕಿಕೊಂಡು ಬಂದವರ ವಿಶ್ವಾಸವನ್ನು ಅಳೆಯಲು ರಕ್ತಸಾಕ್ಷಿತ್ವವೊಂದೇ ಮಾನದಂಡವಲ್ಲ.

ಅವರ ದೇಹದ ಮೇಲೆ ಗುರುತು ಅಳಿಸಲಾಗದಂತೆ ಉಳಿದಿತ್ತು. ಅದರ ಧಾರ್ಮಿಕ ಅರ್ಥವೇನು? ದೈವಶಾಸ್ತ್ರದ ಉತ್ತರ: ಏನೂ ಇಲ್ಲ. ಮಕ್ಕಬಿಯರ ಮೊದಲನೆಯ ಗ್ರಂಥ ಈ ಪ್ರಶ್ನೆಯ ಎರಡೂ ಮುಖಗಳನ್ನು ತೋರಿಸುತ್ತದೆ. ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಅಂತಿಯೋಕನ ಆಳುಗಳು ಕೊಂದು ಶಿಶುಗಳನ್ನು ಅವರ ಕೊರಳಿಗೆ ತೂಗುಹಾಕಿದರು (1:60-61). ಮುಂದಿನ ಅಧ್ಯಾಯದಲ್ಲಿಯೇ ಮತ್ತತೀಯನ ಕಡೆಯವರು ಇಸ್ರಾಯೇಲಿನ ಎಲ್ಲೆಯೊಳಗಿನ ಸುನ್ನತಿಯಿಲ್ಲದ ಹುಡುಗರಿಗೆ ಬಲವಂತದಿಂದ ಅದನ್ನು ಮಾಡಿಸಿದರು (2:46). ಹಿಂಸೆಗೆ ಒಳಗಾದವರೇ ಅದೇ ಕತ್ತಿಯನ್ನು ಹಿಡಿದದ್ದನ್ನು ಪವಿತ್ರಗ್ರಂಥ ಮರೆಮಾಚುವುದಿಲ್ಲ. ಇನ್ನು ರಬ್ಬಿಗಳ ಪರಂಪರೆಯಲ್ಲಿ, ಬೇರೆ ಕಾರಣಕ್ಕಾಗಿ ಈಗಾಗಲೇ ಸುನ್ನತಿಯಾಗಿರುವ ಪುರುಷನು ಯೆಹೂದ್ಯ ಧರ್ಮವನ್ನು ಸ್ವೀಕರಿಸಿದರೆ ಒಡಂಬಡಿಕೆಯ ಉದ್ದೇಶದಿಂದ ಒಂದು ಹನಿ ರಕ್ತ ತೆಗೆಯುತ್ತಾರೆ. ಉದ್ದೇಶವಿಲ್ಲದ ಕೊಯ್ತ ಅವರ ದೃಷ್ಟಿಯಲ್ಲೂ ಗಾಯದ ಕಲೆ ಮಾತ್ರ. ಧರ್ಮಸಭೆಯ ನಿಯಮವೂ ಇದೇ ನೆಲೆಯದು: ವಯಸ್ಕನು ಜ್ಞಾನಸ್ನಾನ ಪಡೆಯಲು ಅವನ ಇಚ್ಛೆ ಬೇಕು (ಶಾಸನ 865), ವಿಶ್ವಾಸವನ್ನು ಯಾರ ಮೇಲೂ ಹೇರುವಂತಿಲ್ಲ (ಶಾಸನ 748). ನಮ್ಮ ನೀರನ್ನು ಬಲಾತ್ಕಾರದಿಂದ ಸುರಿದರೆ ಸಂಸ್ಕಾರವಾಗದು ಎನ್ನುವ ನಾವು, ಅನ್ಯರ ಕತ್ತಿ ಬಲಾತ್ಕಾರದಿಂದ ಕೊಯ್ದದ್ದು ಧರ್ಮಾಂತರವಾಯಿತೆಂದು ಹೇಳಲಾಗದು.

ಮರಳಿದವರಿಗೆ ಬೇಕಾದದ್ದು ಪುನರ್ಜ್ಞಾನಸ್ನಾನವಲ್ಲ. ಮೊದಲನೆಯದರ ಆತ್ಮಮುದ್ರೆ ಅಳಿಯದು. ಬೇಕಾದದ್ದು ಮನಸ್ಸು ಎಡವಿದ್ದಲ್ಲಿ ಪಾಪನಿವೇದನೆ, ಎಡವದಿದ್ದಲ್ಲಿ ಸಾಂತ್ವನ. ಸುನ್ನತಿಯಾಗಿದ್ದಾಗ ಕರೆಯಲ್ಪಟ್ಟವನು ಗುರುತನ್ನು ಅಳಿಸಿಕೊಳ್ಳಲು ಹೋಗದಿರಲಿ ಎಂಬ ಪೌಲರ ಸಲಹೆ (1 ಕೊರಿಂಥ 7:18) ಇಲ್ಲಿ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ.

ಈ ನೆನಪು ಇಂದು ರಾಜಕೀಯದ ಸರಕಾಗಿದೆ. ಸರ್ಕಾರವು 2015ರಿಂದ ಟಿಪ್ಪು ಜಯಂತಿಯನ್ನು ಆಚರಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ನಮ್ಮ ಪೂರ್ವಜರ ಗಾಯವನ್ನು ಎತ್ತಿ ತೋರಿಸಿದವರಿದ್ದರು, ಅಲ್ಲಗಳೆದವರೂ ಇದ್ದರು. ಗುರುಗಳು ಇದನ್ನು ಮುಚ್ಚಿಡಬಾರದು, ನಡೆದದ್ದು ನಡೆದದ್ದೇ. ಆದರೆ ಒಬ್ಬ ದೊರೆಯ ಆಜ್ಞೆಗೆ ತರೀಕೆರೆಯ ಪೇಟೆಯ ನೆರೆಯವನನ್ನು ಹೊಣೆಮಾಡುವ ಮಾತು ಪೀಠದಿಂದ ಬರಕೂಡದು. ಬಲವಂತದ ಕೊಯ್ತಕ್ಕೂ ತಂದೆತಾಯಿ ಪ್ರೀತಿಯಿಂದ ನೆರವೇರಿಸುವ ವಿಧಿಗೂ ಇರುವ ಅಂತರವನ್ನು ಮೇಲಿನ ವಾದವೇ ತೋರಿಸಿದೆ.

ಧರ್ಮಕೇಂದ್ರದಲ್ಲಿ ಎದುರಾಗುವ ಪ್ರಶ್ನೆಗಳು

ವೈದ್ಯರು ಮಗನಿಗೆ ಮುಂದೊಗಲಿನ ಶಸ್ತ್ರಕ್ರಿಯೆ ಆಗಬೇಕೆಂದಿದ್ದಾರೆ, ಕ್ರೈಸ್ತರಿಗೆ ಇದು ಪಾಪವೇ ಎಂದು ತಂದೆತಾಯಿ ಕೇಳುವುದುಂಟು. ಫ್ಲಾರೆನ್ಸ್ ಮಹಾಸಭೆಯು 1442ರಲ್ಲಿ ಕೊಪ್ಟಿಕ್ ಕ್ರೈಸ್ತರಿಗೆ ನೀಡಿದ ಆಜ್ಞಾಪತ್ರವನ್ನು ಅಂತರ್ಜಾಲದಲ್ಲಿ ಓದಿ ಗಾಬರಿಯಾದವರೂ ಇದ್ದಾರೆ. ಅದರಲ್ಲಿ ಭರವಸೆಯಿಟ್ಟರೂ ಇಡದಿದ್ದರೂ ಸುನ್ನತಿಯನ್ನು ಆಚರಿಸಕೂಡದೆಂಬ ನಿಷ್ಠುರ ಮಾತಿದೆ. ಅದು ಹೇಳುವುದು ಹಳೆಯ ಧರ್ಮಶಾಸ್ತ್ರದ ವಿಧಿಯಾಗಿ ಆಚರಿಸುವುದನ್ನು ಕುರಿತು. ಚಿಕಿತ್ಸೆ ಆಚರಣೆಯಲ್ಲ. ಇಂದಿಗೂ ಕೊಪ್ಟಿಕ್ ಮತ್ತು ಇಥಿಯೋಪಿಯಾದ ಕ್ರೈಸ್ತರಲ್ಲಿ ಇದು ಉದ್ಧಾರದ ಷರತ್ತಾಗಿಯಲ್ಲದೆ ನಾಡಿನ ರೂಢಿಯಾಗಿ ಉಳಿದಿದೆ ಎಂಬುದನ್ನೂ ತಿಳಿಸಬಹುದು.

ಇನ್ನೊಂದು ಪ್ರಶ್ನೆ ಸೂಕ್ಷ್ಮವಾದದ್ದು. ತಾಯಿ ಕ್ರೈಸ್ತಳು, ತಂದೆ ಮುಸಲ್ಮಾನ. ಮಗುವಿಗೆ ಖತ್ನಾ ಆಗಿದೆ. ಈಗ ಜ್ಞಾನಸ್ನಾನ ಕೇಳುತ್ತಿದ್ದಾರೆ. ಕೇಳುವವರು ಅಜ್ಜಿಯಾಗಿದ್ದರೆ ಮೊದಲು ತಂದೆತಾಯಿಯರನ್ನು ಕಾಣಬೇಕು. ಅವರಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ವಿಶ್ವಾಸದಲ್ಲಿ ಬೆಳೆಯುವುದೆಂಬ ಆಧಾರಸಹಿತ ನಿರೀಕ್ಷೆ ಇರಬೇಕು (ಶಾಸನ 868). ಗುರುಗಳು ವಿಚಾರಿಸಬೇಕಾದದ್ದು ಇವೆರಡನ್ನು, ಮತ್ತು ಒಪ್ಪದ ತಂದೆಯ ಮನಸ್ಸಿಗೆ ಆಗುವ ನೋವನ್ನು. ಆಗಿಹೋದ ಖತ್ನಾ ಅಡ್ಡಿಯೂ ಅಲ್ಲ, ಅರ್ಹತೆಯೂ ಅಲ್ಲ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ ಮತ್ತು ದೇವಪೋಷಕರ ಹೆಸರುಗಳನ್ನು ಎಂದಿನಂತೆ ಬರೆಯಬೇಕು. ಇದನ್ನು ಕುರಿತು ಟಿಪ್ಪಣಿ ಬರೆಯುವ ಅಗತ್ಯವಿಲ್ಲ.